ಸಮುದ್ರ: ಇಪ್ಪತ್ತು ನಿಮಿಷ

ಗೈಡ್ ಕಾಕಾ ಡೊಂಬಿವಲಿ ಈಸ್ಟಿನಲ್ಲಿ ಹೇರಳವಾಗಿ ಸಿಗುತ್ತಾರೆ. ಕಲ್ಯಾಣದಲ್ಲೂ ಇದ್ದಾರೆ, ಠಾಣೆಯಲ್ಲಿ ಸ್ವಲ್ಪ ಕಡಿಮೆ. ಐರೋಲಿ, ವಾಶಿ ಕಡೆಯವರದು ತುಸು ಬೇರೆ ತಳಿ. ಅವರು ಊರಿನಿಂದ ಬಂದ ನೆಂಟರಿಗೆ ಠಾಣೆ ಖಾಡಿಯಲ್ಲಿ ದೋಣಿ ಹತ್ತಿಸಿ, ಫ್ಲೆಮಿಂಗೋ ತೋರಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಕರೆತಂದುಬಿಡುತ್ತಾರೆ. ಅದು ಅರ್ಧ ದಿನದ ಗೈಡಿಕೆ. ಡೊಂಬಿವಲಿಯದು ಪೂರ್ತಿ ದಿನದ್ದು. ಬೆಳಗಿನ ಐದಕ್ಕೆ ಗಾಡಿ, ರಾತ್ರಿ ಹತ್ತರ ಮೇಲೆ ವಾಪಸು, ನಡುವೆ ರಾಯಗಡ ಜಿಲ್ಲೆಯ ಕರಾವಳಿ. ದುಡ್ಡು ತೆಗೆದುಕೊಳ್ಳುವುದಿಲ್ಲ. ಕರೆಯಬೇಕಾಗಿಯೂ ಇಲ್ಲ. ನಿಮ್ಮ ಮನೆಗೆ ನೆಂಟರು ಬಂದದ್ದು ಬಾಲ್ಕನಿಯಲ್ಲಿ ಒಣಗುತ್ತಿರುವ ಹೊಸ ಟವೆಲಿನಿಂದಲೇ ತಿಳಿದು, ಸಂಜೆಯ ಚಹಾಕ್ಕೆ ಹಾಜರಾಗುತ್ತಾರೆ.

ನಮ್ಮ ಬಿಲ್ಡಿಂಗಿನ ಕಾಕಾ ಧಾರವಾಡದ ಕಡೆಯವರು, ರೇಲ್ವೆಯಿಂದ ನಿವೃತ್ತರು. ನೌಕರಿಯೆಲ್ಲ ವಿ.ಟಿ.ಯ ಕಚೇರಿಯಲ್ಲಿ. ಸಿ.ಎಸ್.ಎಂ.ಟಿ. ಎನ್ನಲು ಅವರ ನಾಲಿಗೆ ಇನ್ನೂ ಒಪ್ಪಿಲ್ಲ. ಅಲ್ಲಿಂದ ಸಮುದ್ರ ನಡೆದು ಹೋಗುವಷ್ಟು ಹತ್ತಿರ. ಆದರೆ ಸಂಜೆ ಫೈಲು ಕಟ್ಟಿಟ್ಟು ಎದ್ದ ಡೊಂಬಿವಲಿಯವನು ಸಮುದ್ರದ ಕಡೆ ಎಲ್ಲಿ ಹೋಗುತ್ತಾನೆ? ಫಾಸ್ಟ್ ಲೋಕಲಿನ ಕಡೆ ಓಡುತ್ತಾನೆ. ಈಗ ಕಾಕಾ ಆ ಬಾಕಿ ತೀರಿಸಿಕೊಳ್ಳುತ್ತಿದ್ದಾರೆ ಎಂದು ನೀವು ತಿಳಿಯಬಹುದು. ಹಾಗೇನಿಲ್ಲ. ಕಾಕಾ ಸಮುದ್ರ ನೋಡಲು ಹೋಗುವವರಲ್ಲ, ತೋರಿಸಲು ಹೋಗುವವರು.

ಮೊದಲೆಲ್ಲ ನೆಂಟರಿಗೆ ಗೇಟ್‌ವೇ, ರಾಣಿಬಾಗ್, ಮಹಾಲಕ್ಷ್ಮಿ, ಹ್ಯಾಂಗಿಂಗ್ ಗಾರ್ಡನ್ ಸಾಕಾಗುತ್ತಿತ್ತು. ಈಗಿನವರು ಅದನ್ನೆಲ್ಲ ಮೊಬೈಲಿನಲ್ಲಿ ನೋಡಿಯೇ ಬಂದಿರುತ್ತಾರೆ. ಕಳೆದ ಜನವರಿಯಲ್ಲಿ ಬೆಂಗಳೂರಿನಿಂದ ಬಂದ ನಮ್ಮ ಭಾವನೂ ಅಂಥವರೇ. ಗದ್ದಲ ಇರಬಾರದು, ಸಮುದ್ರ ಇರಬೇಕು, ಒಂದೇ ದಿನದಲ್ಲಿ ಮುಗಿಯಬೇಕು. "ಯಾವುದಾದ್ರೂ ಪ್ಯಾಕೇಜ್ ಬುಕ್ ಮಾಡೋಣ, ಪ್ರೈವೇಟ್ ಗೈಡ್ ಇರೋ ಥರ" ಎಂದು ಭಾವ ಅನ್ನುವಾಗ ಕಾಕಾನ ಚಹಾ ಅರ್ಧಕ್ಕೆ ಬಂದಿತ್ತು. ಬಸಿ ಕೆಳಗಿಟ್ಟರು.

"ಪ್ರೈವೇಟ್ ಗೈಡ್ ಅಂದ್ರ ಯಾರ್ರೀ? ಮನಿಯವರನ್ನ ಬಿಟ್ಟು ಹೊರಗಿನಂವಾ ಪ್ರೈವೇಟ್ ಹೆಂಗ ಆಗ್ತಾನ?"

ಈ ತರ್ಕಕ್ಕೆ ಭಾವನ ಬಳಿ ಉತ್ತರ ಇರಲಿಲ್ಲ. ಕಾಕಾ ಎದ್ದು ನಮ್ಮ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನ ಮುಂದೆ ನಿಂತರು. ಮುಂದಿನದು ಗಣಿತ.

ಈ ಗಣಿತ ಕೊಂಕಣದ ಮೀನುಗಾರರದು, ಕಾಕಾ ಅದನ್ನು ತಮ್ಮದಾಗಿ ಮಾಡಿಕೊಂಡಿದ್ದಾರೆ. ತಿಥಿಯ ಮುಕ್ಕಾಲು ಎಷ್ಟೋ ಅಷ್ಟು ಗಂಟೆಗೆ ಭರತಿ, ಅಂದರೆ ಉಬ್ಬರ. ಅದಕ್ಕೆ ಆರು ಕೂಡಿಸಿದರೆ ಇಳಿತ. ದಿನದಿಂದ ದಿನಕ್ಕೆ ಉಬ್ಬರ ಐವತ್ತು ನಿಮಿಷದಷ್ಟು ಹಿಂದೆ ಬೀಳುವುದರಿಂದ ಲೆಕ್ಕ ಹೆಚ್ಚುಕಡಿಮೆ ಕೂಡುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನಡುಮಧ್ಯಾಹ್ನ ನೀರು ತುಂಬಿರುತ್ತದೆ. ಅಷ್ಟಮಿಗೆ ಮಧ್ಯಾಹ್ನ ಇಳಿತವೇನೋ ಹೌದು, ಆದರೆ ನೀರು ಪೂರ್ತಿ ಇಳಿಯುವುದಿಲ್ಲ. "ದ್ವಾದಶಿ ಅಂದ್ರ ಹನ್ನೆರಡು. ಮುಕ್ಕಾಲು ಮಾಡಿದ್ರ ಒಂಬತ್ತು. ಆರು ಕೂಡಸ್ರಿ, ಮೂರು. ಮಧ್ಯಾಹ್ನ ಮೂರಕ್ಕ ಅಲಿಬಾಗಿನ ಕುಲಾಬಾ ಕಿಲ್ಲೆ, ನಡಕೋತ ಹೋಗೂದು, ನಡಕೋತ ಬರೂದು." ಭಾವನ ಮಗ ಮೊಬೈಲಿನಲ್ಲಿ ಆ ದಿನದ ಸಮಯ ತೆಗೆದ. ಅಲ್ಲಿಯೂ ಮೂರರ ಆಸುಪಾಸೇ ಇತ್ತು. ಕಾಕಾ ಹುಡುಗನ ಬೆನ್ನು ತಟ್ಟಿದರು: "ಚಲೋ ಕಲ್ತದ ನಿನ್ನ ಆ್ಯಪ್."

ಅಲಿಬಾಗ್ ಡೊಂಬಿವಲಿಯಿಂದ ನೂರು ಕಿಲೋಮೀಟರಿನ ಒಳಗೆ-ಹೊರಗೆ. ಒಂದು ದಿನಕ್ಕೆ ಅದು ಸಾಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬಾಡಿಗೆ ಗಾಡಿಯವರು ಊರು ಬಿಟ್ಟು ಹೊರಟರೆ ಕನಿಷ್ಠ ಮುನ್ನೂರು ಕಿಲೋಮೀಟರಿನ ದುಡ್ಡು ಹಿಡಿಯುತ್ತಾರೆ. "ಮುನ್ನೂರಕ್ಕ ರೊಕ್ಕಾ ಕೊಟ್ಟು ಇನ್ನೂರರಾಗ ತಿರುಗಿ ಬರೂದಂದ್ರ?" ಹೀಗೆ ಜಂಜೀರಾ ಕೋಟೆ ಸೇರಿಕೊಂಡಿತು. ಮುರುಡಿನಾಚೆಯ ರಾಜಪುರಿ ತನಕ ಹೋಗಿ ಬಂದರೆ ಸರಿಯಾಗಿ ಮುನ್ನೂರಾಗುತ್ತದೆ. ಸಿದ್ದಿಗಳ ಆ ಅಜೇಯ ಜಲದುರ್ಗವನ್ನು ನಾವು ನೋಡಿದ್ದು ಇತಿಹಾಸದ ಆಸಕ್ತಿಯಿಂದಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಹೊರಡುವ ಹಿಂದಿನ ರಾತ್ರಿ ಕಾರ್ಯಕ್ರಮ ಪಟ್ಟಿ ಬಂತು. ಕೈಬರಹ, ಕೆಂಪು ಗೆರೆ, ಮೇಲೆ ಲ್ಯಾಮಿನೇಷನ್. 5.00 ಪ್ರಯಾಣ. 7.15 ಪಾರಣೆ. 9.30 ರಾಜಪುರಿ. 12.00 ಕಾಶಿದ್, ಅದರ ಪಕ್ಕ ಸಣ್ಣ ಅಕ್ಷರದಲ್ಲಿ "ಸಮುದ್ರ: 20 ನಿಮಿಷ". ಅಕ್ಕ ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.

ಐದು ಎಂದರೆ ಕಾಕಾನ ಲೆಕ್ಕದಲ್ಲಿ ನಾಲ್ಕು ಮುಕ್ಕಾಲು. ಗೇಟಿನ ಬಳಿ ಎರ್ಟಿಗಾ, ಅದರ ಮುಂದೆ ತಲೆಗೆ ಬಿಳಿ ಟೋಪಿ, ಕೊರಳಿಗೆ ಸೀಟಿ, ಕೈಯಲ್ಲಿ ಕೊಡೆ ಹಿಡಿದ ಕಾಕಾ. ಜನವರಿಯಲ್ಲಿ ಕೊಡೆ ಯಾಕೆಂದರೆ ಅದು ತೋರುಗೋಲು. ಕಾಕು ಆಗಲೇ ನಡುವಿನ ಸೀಟಿನಲ್ಲಿ ಕುಳಿತು, ಕಾಲ ಕೆಳಗೆ ಡಬ್ಬಿಗಳ ಚೀಲ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ಪ್ರತಿ ಪ್ರವಾಸಕ್ಕೂ ಅವರು ಬರುತ್ತಾರೆ. ರೇವದಂಡಾ ಬಂದಾಗ ಏಳಬಾರದು ಎಂಬುದಷ್ಟೇ ಅವರ ನಿಯಮ.

ಕಾಟಾಯಿ ನಾಕಾದಲ್ಲೇ ಪಟ್ಟಿ ಹಳಿ ತಪ್ಪಿತು. ಕಲ್ಯಾಣ-ಶೀಲ್ ರಸ್ತೆ ಬೆಳಗಿನ ಜಾವವೂ ನಿದ್ದೆ ಮಾಡುವುದಿಲ್ಲ. ಟ್ರಕ್ಕುಗಳ ನಡುವೆ ಅರ್ಧ ಗಂಟೆ ನಿಂತೆವು. ಕಾಕಾ ಸುಮ್ಮನೆ ಕೂರಲಿಲ್ಲ. ಬೋರಿಬಂದರ್‌ನಿಂದ ಠಾಣೆಗೆ ಮೊದಲ ರೈಲು ಬಂದದ್ದು 1853ರ ಏಪ್ರಿಲ್ 16ರಂದು, ಮರುವರ್ಷವೇ ಹಳಿ ಕಲ್ಯಾಣಕ್ಕೆ ಮುಟ್ಟಿತು, "ರೇಲ್ವೆದವರು ಒಂದು ವರ್ಷದಾಗ ಮಾಡಿದ್ದನ್ನ ಈ ರಸ್ತಾದವರು..." ಎಂದು ಮುಂದಿನದನ್ನು ಕೊಡೆಯಿಂದ ಸೂಚಿಸಿದರು. ಪನವೇಲ್ ದಾಟಿ ಪಳಸ್ಪೆಯಲ್ಲಿ ಗೋವಾ ಹೆದ್ದಾರಿ ಸೇರಿದಾಗ ಅವರ ದನಿ ಏರಿತು. "ಇದು ಅರವತ್ತಾರನೇ ನಂಬರಿನ ರಸ್ತಾ. ಸೀದಾ ಹೋದ್ರ ಕಾರವಾರ, ಕುಂದಾಪುರ, ಉಡುಪಿ, ಮಂಗಳೂರು. ಕಡೀಗೆ ಕನ್ಯಾಕುಮಾರಿ." ಸೀದಾ ಎಂಬ ಪದದ ಹೊತ್ತಿಗೆ ಗಾಡಿ ಒಂದು ಹೊಂಡಕ್ಕೆ ಇಳಿದು ಎದ್ದಿತು. ಪನವೇಲ್-ಇಂದಾಪುರ ಅಗಲೀಕರಣ 2011ರಲ್ಲಿ ಶುರುವಾದದ್ದು, ಆಮೇಲೆ ಗಡುವಿನ ಮೇಲೆ ಗಡುವು ದಾಟುತ್ತ ಬಂತು. ಅಂದು ಹುಟ್ಟಿದ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ.

ಇನ್ನೂ ಬೆಳಕು ಹರಿದಿರಲಿಲ್ಲ. "ಅಲ್ಲಿ ನೋಡ್ರಿ, ಕರ್ನಾಳಾ ಕಿಲ್ಲೆ. ನೆತ್ತಿ ಮ್ಯಾಲೆ ಹೆಬ್ಬೆರಳು ನಿಂತ್ಹಂಗ ಬಂಡೆ." ಗಾಜಿನಾಚೆ ಕಡುಗತ್ತಲು. ನೋಡಿದೆವು ಎಂದೆವು. ಹಣ ಕೊಟ್ಟು ತಂದ ಗೈಡ್ ಆಗಿದ್ದರೆ ತುಸು ಸುಮ್ಮನಿರಪ್ಪ ಅನ್ನಬಹುದಿತ್ತು. ಪುಕ್ಕಟೆ ಗೈಡಿಗೆ ಹಾಗನ್ನುವ ಹಕ್ಕು ಯಾರಿಗೂ ಇಲ್ಲ.

ಗಣಪತಿ ಮೂರ್ತಿಗಳಿಗೆ ಹೆಸರಾದ ಪೇಣ್ ದಾಟಿ ವಡಖಳ ನಾಕಾದಲ್ಲಿ ಗಾಡಿ ನಿಂತಿತು. ಸೂರ್ಯ ಬಂದಿದ್ದ. ಕಾಕಾ, ಕಾಕು ಹಿಂದಿನ ದಿನ ಏಕಾದಶಿಯ ನಿರಾಹಾರ ಮಾಡಿದ್ದರು. ದ್ವಾದಶಿ ಬೆಳಿಗ್ಗೆ ಪಾರಣೆ ತಪ್ಪುವಂತಿಲ್ಲ. ವಡಾಪಾವ್ ಗಾಡಿಯ ಪಕ್ಕದ ಬಾಂಕಿನ ಮೇಲೆ ಕಾಗದ ಹಾಸಿ, ತೀರ್ಥದ ಪುಟ್ಟ ಬಾಟಲಿ ತೆಗೆದು, ಆಚಮನ ಮಾಡಿ ಇಬ್ಬರೂ ಪಾರಣೆಗೆ ಕೂತರು. ನಮಗೆ ದಪಾಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ವಡಾ ಕರಿಯುವವನು ಒಂದು ಸಲ ನಮ್ಮ ಡಬ್ಬಿಗಳ ಕಡೆ, ಒಂದು ಸಲ ತನ್ನ ಬಾಂಕಿನ ಕಡೆ ನೋಡಿದ. ಕಾಕು ಅವನಿಗೂ ಎರಡು ದಪಾಟಿ ಕೊಟ್ಟರು. ಆ ಮೇಲೆ ಅವನೇ ನಮಗೆ ಚಹಾ ತಂದ. ಇಡೀ ದಿನದಲ್ಲಿ ತಕರಾರಿಲ್ಲದೆ ನಡೆದ ಕಲಾಪ ಇದೊಂದೇ.

ಅಲಿಬಾಗ್ ಊರಿನೊಳಗೆ ಹೋಗುವಾಗ ಕಾಕಾ ಹಿಂದೆ ತಿರುಗಿ ದನಿ ತಗ್ಗಿಸಿದರು. "ಇಲ್ಲಿ ಆ ಜೋಕ್ ಯಾರೂ ಅನಬ್ಯಾಡ್ರಿ." ಪೆದ್ದ ಎನ್ನುವ ಬದಲು "ಅಲಿಬಾಗ್ ಸೆ ಆಯಾ ಹೈ ಕ್ಯಾ" ಎನ್ನುವುದು ಮುಂಬೈಯ ಹಳೆಯ ಚಾಳಿ. ಇದನ್ನು ನಿಲ್ಲಿಸಬೇಕೆಂದು ಒಬ್ಬರು ಬಾಂಬೆ ಹೈಕೋರ್ಟಿಗೇ ಹೋಗಿದ್ದರು. ಎಲ್ಲ ಸಮುದಾಯಗಳ ಮೇಲೂ ಜೋಕುಗಳಿವೆ ಎಂದು ಕೋರ್ಟು 2019ರಲ್ಲಿ ಅರ್ಜಿಯನ್ನು ತಳ್ಳಿಹಾಕಿತು. ಆ ಜೋಕು ನಮ್ಮ ಭಾವನಿಗೆ ಗೊತ್ತೇ ಇರಲಿಲ್ಲ. ಕಾಕಾ ಎಚ್ಚರಿಸಿದ ಮೇಲೆ ಕಲಿತರು. ಸಂಜೆಯ ತನಕ ಮಗನಿಗೆ ಹತ್ತು ಸಲ ಅಂದರು.

ರಾಜಪುರಿ ಮುಟ್ಟಿದಾಗ ಹತ್ತೂವರೆ. ಹಾಯಿದೋಣಿ ಹತ್ತಿದೆವು. ಗಾಳಿ ಹಾಯಿಗೆ ತುಂಬಿಕೊಂಡಿತು, ದೋಣಿ ಓರೆಯಾಯಿತು, ಅಕ್ಕ ನನ್ನ ತೋಳು ಹಿಡಿದಳು. ಕೋಟೆಯ ಗೋಡೆ ನೀರಿನಿಂದಲೇ ಎದ್ದು ನಿಂತಿತ್ತು. ಬಾಗಿಲು ಎಲ್ಲಿದೆ ಎಂದು ತೀರ ಹತ್ತಿರ ಹೋಗುವ ತನಕ ತಿಳಿಯುವುದಿಲ್ಲ. ಆ ನಡುವೆ ಕಾಕಾ ಎರಡನೆಯ ಪುಲಿಕೇಶಿಯನ್ನು ದೋಣಿಗೆ ಹತ್ತಿಸಿದ್ದರು. ರವಿಕೀರ್ತಿಯ ಐಹೊಳೆ ಶಾಸನ (ಕ್ರಿ.ಶ. 634) ಪುಲಿಕೇಶಿ ನೂರಾರು ಹಡಗುಗಳೊಂದಿಗೆ ಪಡುಗಡಲಿನ ಪುರಿಯನ್ನು ಮುತ್ತಿದ ಎನ್ನುತ್ತದೆ. ಆ ಪುರಿ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಎಲಿಫೆಂಟಾ ಗುಹೆಗಳ ಘಾರಾಪುರಿ ಎಂದು ಕೆಲವರು, ಈ ರಾಜಪುರಿಯೇ ಎಂದು ಕೆಲವರು. ಕಾಕಾನಿಗೆ ಇದರಿಂದ ಅನುಕೂಲವೇ ಆಗಿದೆ. ಘಾರಾಪುರಿಗೆ ಕರೆದೊಯ್ದಾಗ ಪುಲಿಕೇಶಿ ಅಲ್ಲಿಗೆ ಬಂದಿದ್ದ, ಇಲ್ಲಿಗೆ ಬಂದಾಗ ಇಲ್ಲಿಗೆ.

ತೊಡಕು ಬಂದದ್ದು ದೋಣಿಯವನ ಗೈಡಿನಿಂದ. ಇಪ್ಪತ್ತೈದರ ಹುಡುಗ, ಕೊರಳಲ್ಲಿ ಕರ್ಚೀಫು. ಎದ್ದು ನಿಂತು ಒಂದೇ ಉಸಿರಿಗೆ ಶುರು ಮಾಡಿದ. "ಬಾಯೀಸ್ ಎಕರ್ ಕಾ ಕಿಲಾ, ಬಾಯೀಸ್ ಸಾಲ್ ಮೇಂ ಬನಾ, ಬಾಯೀಸ್ ಬುರುಜ್, ಬಾಯೀಸ್ ಟನ್ ಕೀ ತೋಪ್." ಜಂಜೀರಾದಲ್ಲಿ ಎಲ್ಲವೂ ಇಪ್ಪತ್ತೆರಡು. ಕಾಕಾ ಕೊಡೆ ಎತ್ತಿದರು. "ತಡೀಪಾ. ಬುರುಜು ನೀ ಎಣಿಸೀಯೇನು?" ಹುಡುಗ ತನ್ನ ಅಪ್ಪ ಹೇಳಿದ್ದೆಂದ. ಕಾಕಾ ತಾವು ಎಣಿಸಿದ್ದೇವೆಂದರು. ದೋಣಿಯಲ್ಲಿದ್ದ ನಾಸಿಕದ ಮಾಸ್ತರರೊಬ್ಬರು ಮೂರನೆಯ ಸಂಖ್ಯೆ ಹೇಳಿದರು. ಪುಸ್ತಕದಿಂದ ಪುಸ್ತಕಕ್ಕೂ ಈ ಲೆಕ್ಕ ಬೇರೆಯೇ, ಆದ್ದರಿಂದ ಯಾರೂ ಸೋಲುವಂತಿರಲಿಲ್ಲ.

ಜಗಳ ಕೋಟೆಯೊಳಗೂ ಮುಂದುವರಿಯಿತು. ಬಾಗಿಲ ಬದಿಯ ಕಲ್ಲಿನಲ್ಲಿ ಆನೆಗಳನ್ನು ಹಿಡಿದು ನಿಂತ ಸಿಂಹವನ್ನು ಹುಡುಗ ಸಿದ್ದಿಗಳ ಶೌರ್ಯ ಎಂದ, ಕಾಕಾ ನಮ್ಮ ಗಂಡಭೇರುಂಡದ ಕಡೆಯ ನೆಂಟ ಎಂದರು. ಉಪ್ಪುನೀರಿನ ನಡುವೆ ಸಿಹಿನೀರಿನ ಕೆರೆಗಳಿರುವುದನ್ನು ಇಬ್ಬರೂ ಒಪ್ಪಿದರು. ಕಲಾಲ್ ಬಾಂಗಡಿ ತೋಪಿನ ಬಳಿ ಮತ್ತೆ ತೂಕದ ಪ್ರಶ್ನೆ ಬಂತು. ಶಿವಾಜಿ, ಸಂಭಾಜಿ ಇಬ್ಬರಿಗೂ ಮಣಿಯದ ಕೋಟೆ ಇದು. 1948ರಲ್ಲಿ ಭಾರತದಲ್ಲಿ ವಿಲೀನವಾಗುವ ತನಕ ಜಂಜೀರಾ ಸಿದ್ದಿ ನವಾಬರ ಸಂಸ್ಥಾನವಾಗಿಯೇ ಇತ್ತು. "ನಮ್ಮ ಯಲ್ಲಾಪುರ, ಹಳಿಯಾಳದಾಗ ಸಿದ್ದಿಗಳಿಲ್ಲೇನು? ಆಫ್ರಿಕಾದ ಕಡೆಯಿಂದ ಬಂದವರೇ. ಅಲ್ಲಿ ಕಾಡಿನಾಗ ಉಳದ್ರು, ಇಲ್ಲಿ ನವಾಬರಾದ್ರು" ಎಂದು ಕಾಕಾ ಅಂದಾಗ ಮಾತ್ರ ಆ ಹುಡುಗ ವಾದ ಬಿಟ್ಟು ಕೇಳಿಸಿಕೊಂಡ. ಯಲ್ಲಾಪುರ ಎಲ್ಲಿ ಬರುತ್ತದೆ ಎಂದು ವಿಚಾರಿಸಿದ. ಅಲ್ಲಿಂದ ಮುಂದೆ ಇಬ್ಬರೂ ಗೆಳೆಯರಾಗಿ, ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿ, ಮರುದೋಣಿ ತಪ್ಪಿಸಿದರು.

ಕಾಶಿದ್‌ಗೆ ಬಂದಾಗ ಒಂದೂವರೆ ದಾಟಿತ್ತು. ಬೆಳ್ಳಗಿನ ಮರಳು, ಸಾಲು ಸುರು ಗಿಡಗಳು, ಎದುರಿಗೆ ನೀಲಿ. ಕಾಕಾ ಬೂಟು ಬಿಚ್ಚಲಿಲ್ಲ. ಸಮುದ್ರಕ್ಕೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ, ಗಡಿಯಾರ ನೋಡಿ ಸೀಟಿ ಊದಿದರು. ಅದು ಪ್ರಾರಂಭ. ಅಕ್ಕ ಸೀರೆ ಎತ್ತಿಕೊಂಡು ಅಲೆಯಲ್ಲಿ ನಿಂತು ಹುಡುಗಿಯಂತೆ ಕೂಗಿದಳು. ಕಾಕಾ ದಂಡೆಯಿಂದಲೇ ಕೊಂಕಣದ ಮರಳಿನ ಬಣ್ಣದ ಬಗ್ಗೆ ಹೇಳುತ್ತಿದ್ದರು, ಗಾಳಿ ಅದನ್ನು ಬೇರೆ ದಿಕ್ಕಿಗೆ ಒಯ್ಯುತ್ತಿತ್ತು. ನಾನು ಗಮನಿಸಿದ ಮಟ್ಟಿಗೆ ಕಾಕಾ ಆ ದಿನ ಎಲ್ಲಿಯೂ ಒಂದು ಕ್ಷಣಕ್ಕಿಂತ ಹೆಚ್ಚು ಸಮುದ್ರದ ಕಡೆ ಮುಖ ಮಾಡಿ ನಿಲ್ಲಲಿಲ್ಲ. ಗೈಡ್ ಆದವನಿಗೆ ಆ ಸೌಲಭ್ಯವಿಲ್ಲ.

ಭಾವನ ಮಗ ನಡುವೆ ಕಾಣೆಯಾಗಿದ್ದ. ಸೀಟಿ ಎರಡನೆಯ ಸಲ ಊದಿದಾಗ ಸುರು ಗಿಡಗಳ ಆಚೆಯ ಝೋಪಡಿ ಹೋಟೆಲಿನ ಕಡೆಯಿಂದ ಬಾಯಿ ಒರೆಸಿಕೊಳ್ಳುತ್ತ ಬಂದ. ಸುರಮಯಿ ಮೀನು ಹುರಿಯುವ ವಾಸನೆ ಅವನಿಗಿಂತ ಮೊದಲು ಗಾಡಿ ಹತ್ತಿತು. ಕಾಕು ಪರ್ಸಿನಿಂದ ಎರಡು ಏಲಕ್ಕಿ ತೆಗೆದು ಅವನ ಕೈಗಿಟ್ಟರು. "ಬಾಯಾಗ ಹಾಕ್ಕೋ. ನಿಮ್ಮ ಕಾಕಾಂದು ಮೂಗು ಭಾಳ ಚುರುಕು." ಅವರು ಕಣ್ಣು ತೆರೆದಿರಲಿಲ್ಲ.

ಹೊತ್ತು ಮೀರಿತ್ತು. ಅಲಿಬಾಗಿನಲ್ಲಿ ನೀರು ಇಳಿದು ನಿಂತಿರುವ ಹೊತ್ತು. ಬುದ್ಧಿವಂತರಾದರೆ ಸೀದಾ ಹೋಗಬೇಕು. ಆದರೆ ನಡುವೆ ರೇವದಂಡಾ ಇತ್ತು. ಹದಿನೈದನೇ ಶತಮಾನದ ರಷ್ಯನ್ ವ್ಯಾಪಾರಿ ಅಫನಾಸಿ ನಿಕಿತಿನ್ ಇಂಡಿಯಾದ ನೆಲಕ್ಕೆ ಇಳಿದದ್ದು ಪಕ್ಕದ ಚೌಲ್ ಬಂದರಿನಲ್ಲಿ. ರೇವದಂಡಾದ ಶಾಲೆಯೊಂದರ ಅಂಗಳದಲ್ಲಿ ಅವನ ಸ್ಮಾರಕವಿದೆ. "ಇಲ್ಲಿ ಇಳಿದು ಎಲ್ಲಿಗೆ ಹೋದಾ ಹೇಳ್ರಿ? ನಮ್ಮ ಬೀದರಕ್ಕ! ರಷ್ಯಾದಂವಾ ಬೀದರ ನೋಡಿ ಬರದಿಟ್ಟಾನ, ಬೆಂಗಳೂರಿನವರು ಬೀದರ ನೋಡೀರೇನು?" ಭಾವ ನೋಡಿರಲಿಲ್ಲ. ಆ ತಪ್ಪಿಗೆ ಬಹಮನಿ ಸುಲ್ತಾನರ ವಂಶಾವಳಿ ಪೂರ್ತಿ ಕೇಳಬೇಕಾಯಿತು. ಮುಂದೆ ಅಕ್ಷಿ. ಅಲ್ಲಿನ ಶಿಲಾಹಾರ ಶಾಸನದ ಕಾಲ ಶಕ 934, ಅಂದರೆ ಕ್ರಿ.ಶ. 1012. ಮರಾಠಿಯ ಅತ್ಯಂತ ಹಳೆಯ ಶಾಸನ ಎಂಬ ಹೆಸರು ಬಹುಕಾಲ ನಮ್ಮ ಶ್ರವಣಬೆಳಗೊಳದ್ದಾಗಿತ್ತು, ಆಮೇಲೆ ಅಕ್ಷಿ ಎದುರಾಳಿಯಾಗಿ ಬಂತು. ಇದನ್ನು ಕಾಕಾ ನಮಗಿಂತ ಹೆಚ್ಚಾಗಿ ಡ್ರೈವರನಿಗೆ ಹೇಳಿದರು. ಅವನು ಸಾತಾರದ ಹುಡುಗ. "ಹೋ ಕಾಕಾ, ಹೋ ಕಾಕಾ" ಎನ್ನುತ್ತ ನಾಲ್ಕನೇ ಗೇರಿಗೆ ಹಾಕಿದ.

ಅಲಿಬಾಗ್ ದಂಡೆಗೆ ಐದಕ್ಕೆ ಮುಟ್ಟಿದೆವು. ಕೋಟೆ ಎದುರಿಗೇ ಇತ್ತು. ದಂಡೆಗೂ ಅದಕ್ಕೂ ನಡುವೆ ನೀರು ತಿರುಗಿ ಬರತೊಡಗಿತ್ತು. ಕಾಕಾ ಕೊಡೆಯ ತುದಿಯನ್ನು ಮರಳಿಗೆ ಊರಿ ಒಂದು ಕ್ಷಣ ನೋಡಿದರು. "ಗಾಡಿ ಹೋತು" ಎಂದರು. ರೇಲ್ವೆಯವರು ಹೇಳಿದ ಮೇಲೆ ಹೋದದ್ದೇ.

ಆದರೆ ತಿರುಗಿ ಹೋಗಲಿಲ್ಲ. ಕೋಟೆಗೆ ಬೆನ್ನು ಹಾಕಿ ನಿಂತು, ಒಳಗೆ ಏನೇನಿದೆ ಎಂದು ದಂಡೆಯಲ್ಲೇ ಹೇಳತೊಡಗಿದರು. ಶಿವಾಜಿಯ ಕೊನೆಗಾಲದ ಕೋಟೆ, ಕಾನ್ಹೋಜಿ ಆಂಗ್ರೆಯ ನೌಕಾನೆಲೆ, ಆತ ತೀರಿಕೊಂಡದ್ದು 1729ರಲ್ಲಿ, ಸಮಾಧಿ ಊರೊಳಗಿದೆ. ಒಳಗಿನ ಗಣಪತಿ ಗುಡಿ ರಘೂಜಿ ಆಂಗ್ರೆ 1759ರಲ್ಲಿ ಕಟ್ಟಿಸಿದ್ದು. ಗಾಲಿಯ ಮೇಲಿನ ಎರಡು ಇಂಗ್ಲಿಷ್ ತೋಪುಗಳ ಮೇಲೆ 1849 ಎಂದು ಕೆತ್ತಿದೆ. ಅವರು ತೋಪಿನ ತನಕ ಬರುವಷ್ಟರಲ್ಲಿ ಒಂದು ಕುದುರೆಗಾಡಿ ನಮ್ಮ ಪಕ್ಕದಿಂದ ನೀರಿಗಿಳಿದು ಕೋಟೆಯ ಕಡೆ ಹೋಯಿತು.

"ಕಾಕಾ, ಅದು ಹೋಗ್ತಿದೆಯಲ್ಲ?" ಎಂದರು ಭಾವ.

"ಹೋಗ್ತದ. ವಾಪಸ್ ಬರ್ತದೇನು, ಅದನ್ನ ಕೇಳ್ರಿ."

ಕಾಕಾ ಸಿಹಿನೀರಿನ ಬಾವಿಯನ್ನು ವರ್ಣಿಸುವಾಗ ಗಾಡಿ ವಾಪಸು ಬಂತು. ಅದರಲ್ಲಿದ್ದ ಪುಣೆಯ ಕಡೆಯ ಕುಟುಂಬ ಪ್ರಸಾದದ ಪೊಟ್ಟಣ ಹಿಡಿದು ಇಳಿಯಿತು. ಕಾಕಾನ ಬೆನ್ನು ಆ ಕಡೆ ಇದ್ದುದರಿಂದ ಅವರಿಗೆ ಕಾಣಲಿಲ್ಲ, ನಾವೂ ಹೇಳಲಿಲ್ಲ. ಅವರು ಅಷ್ಟರಲ್ಲಿ ಊರಿನ ಅಯಸ್ಕಾಂತ ವೀಕ್ಷಣಾಲಯಕ್ಕೆ ಬಂದಿದ್ದರು. ಮುಂಬೈಯ ಕೊಲಾಬಾದಲ್ಲಿ ಭೂಮಿಯ ಅಯಸ್ಕಾಂತ ಶಕ್ತಿ ಅಳೆಯುತ್ತಿದ್ದವರು ವಿದ್ಯುತ್ ಟ್ರಾಮ್ ಬರುತ್ತದೆ, ಮುಳ್ಳು ಅಲುಗಾಡುತ್ತದೆ ಎಂದು 1904ರಲ್ಲಿ ಇಲ್ಲಿಗೆ ಬಂದರು. "ಕರೆಂಟಿನ ಗಾಡಿಗೆ ಅಂಜಿ ಬಂದ ಇಲಾಖೆ ಇದೊಂದೇ" ಎಂದು ಕಾಕಾ ತಮ್ಮ ಇಲಾಖೆಯ ಪರವಾಗಿ ನಕ್ಕರು.

ವಾಪಸು ಬರುವಾಗ ಹುಡುಗನಿಗೆ ಅಟಲ್ ಸೇತುವಿನ ಆಸೆಯಾಯಿತು. "ಆ ಸೇತುವೆ ಮುಂಬೈದಿಂದ ಈ ಕಡೆ ಬರೂದಕ್ಕ. ನಾವು ಈ ಕಡೆನೇ ಇರೋ ಮಂದಿ. ಅದನ್ನ ಹತ್ತಬೇಕಂದ್ರ ಇಲ್ಲದ ಕೆಲಸಕ್ಕ ಮುಂಬೈಗೆ ಹೋಗಬೇಕು, ಮ್ಯಾಲೆ ಎರಡುನೂರಾ ಐವತ್ತು ಟೋಲ್." ಡೊಂಬಿವಲಿಯ ಭೂಗೋಳವನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ರಾತ್ರಿ ಗೇಟಿನ ಬಳಿ ದೀಪದ ಕೆಳಗೆ ಲೆಕ್ಕ. ಗಾಡಿ, ಡ್ರೈವರನ ಭತ್ತೆ, ದೋಣಿ, ಚಹಾ, ಎಲ್ಲ ಚಿಲ್ಲರೆ ಸಮೇತ. ಮೊತ್ತವನ್ನು ನಾಲ್ಕರಿಂದ ಭಾಗಿಸಿದರು. ನಾವು ಆರು ಜನ ಅಲ್ಲವೇ ಎಂದು ಭಾವ ಕೇಳಿದರು.

"ಗೈಡಿಗೆ ಪಾಲು ಇರೂದಿಲ್ಲ. ಯಾವ ದೇಶದಾಗೂ ಇಲ್ಲ."

"ಕಾಕು?"

"ಅಕಿ ಸಹಾಯಕ ಗೈಡ್."

ಭಾವ ಸಂತೋಷದಿಂದಲೇ ಕೊಟ್ಟರು. ಮುಂದಿನ ಸಲ ಬೀದರ ನೋಡಿಕೊಂಡೇ ಬರುವುದಾಗಿ ಮಾತು ಕೊಟ್ಟರು. ಬೆಂಗಳೂರಿಗೆ ಹೋದ ಮೇಲೆ ಫೋನಿನಲ್ಲಿ ಅವರು ಗೆಳೆಯರಿಗೆ ಹೇಳುತ್ತಿದ್ದದ್ದು ಕಾಶಿದ್ ಬಗ್ಗೆ ಅಲ್ಲವಂತೆ, ಜಂಜೀರಾ ಬಗ್ಗೆಯೂ ಅಲ್ಲವಂತೆ, ಕಾಕಾನ ಬಗ್ಗೆ. ಇದು ಅಕ್ಕನ ವರದಿ.

ನಿಮ್ಮ ಮನೆಗೂ ನೆಂಟರು ಬರುವವರಿದ್ದರೆ ಮಳೆಗೆ ಮೊದಲು ಕರೆಸಿಕೊಳ್ಳಿ. ಮಳೆಗಾಲದಲ್ಲಿ ರಾಜಪುರಿಯ ದೋಣಿಗಳು ನಿಲ್ಲುತ್ತವೆ, ಮುನ್ನೂರು ಕಿಲೋಮೀಟರ್ ತುಂಬಿಸಲು ಕಾಕಾ ಬೇರೆ ಏನು ಹುಡುಕುತ್ತಾರೋ ಹೇಳಲಾಗದು. ತಿಥಿ ಅವರಿಗೇ ಬಿಡಿ. ಸೀಟು ಮಾತ್ರ ನೀವೇ ಆರಿಸಿಕೊಳ್ಳಿ: ಎರ್ಟಿಗಾದ ಮೂರನೆಯ ಸಾಲಿನಲ್ಲಿ ದೊಡ್ಡವರ ಮೊಣಕಾಲಿಗೆ ಜಾಗವಿಲ್ಲ.